ದಸರಾ ರಜೆಗೆ ಗೊಂಬೆಗಳ ಮುಂದೆ ಮಕ್ಕಳದೇ ಒಂದು ಊರು

ದಸರಾ ರಜೆ ಶುರುವಾದ ಮೂರನೇ ದಿನಕ್ಕೆ ನಮ್ಮ ಮನೆಯಲ್ಲಿ "ಅಮ್ಮಾ, ಬೋರು" ಶುರುವಾಗುತ್ತದೆ. ಮೂರು ವರ್ಷದ ಹಿಂದೆ ನಾನೂ ಎಲ್ಲರ ಹಾಗೆ ಆನ್‌ಲೈನಿನಲ್ಲಿ ಒಂದು ಕ್ರಾಫ್ಟ್ ಕಿಟ್ ತರಿಸಿದೆ. ದೊಡ್ಡ ಡಬ್ಬ, ಒಳಗೆ ಚಿಕ್ಕ ಚಿಕ್ಕ ಕವರು, ಮೊದಲೇ ಕತ್ತರಿಸಿಟ್ಟ ಗೂಬೆ. ಅಂಟಿಸುವುದಷ್ಟೇ ಬಾಕಿ. ಅರ್ಧ ಗಂಟೆಯಲ್ಲಿ ಮುಗಿಯಿತು. ಗೂಬೆ ಸಂಜೆಗೆಲ್ಲ ಮಂಚದ ಕೆಳಗೆ ಸೇರಿತು. ಮಿನುಗು ಪುಡಿ ಮಾತ್ರ ಸಂಕ್ರಾಂತಿವರೆಗೂ ಚಾಪೆಯಲ್ಲಿ, ತಲೆಯಲ್ಲಿ, ಒಮ್ಮೆ ಅನ್ನದ ತಟ್ಟೆಯಲ್ಲೂ ಸಿಕ್ಕಿತು.

ಆಮೇಲೆ ನಾನು ಬೇರೆ ದಾರಿ ಹಿಡಿದೆ. ದಿನಕ್ಕೊಂದು ಕ್ರಾಫ್ಟ್ ಬೇಡ. ಇಡೀ ರಜೆಗೆ ಒಂದೇ ಕೆಲಸ. ಗೊಂಬೆ ಕೂರಿಸುವ ಮೆಟ್ಟಿಲುಗಳ ಮುಂದೆ, ನೆಲದ ಮೇಲೆ, ಮಕ್ಕಳದೇ ಒಂದು ಊರು. ನಮ್ಮ ಕಡೆ ಗೊಂಬೆಗಳ ಮುಂದೆ 'ಪಾರ್ಕ್' ಮಾಡುವ ರೂಢಿ ಹಳೆಯದು. ಆದರೆ ಅದನ್ನು ದೊಡ್ಡವರು ಮಾಡಿ, "ಮುಟ್ಟಬೇಡ" ಅಂತ ಮಕ್ಕಳನ್ನು ಓಡಿಸುತ್ತಿದ್ದರು. ನಾನು ಅದನ್ನೇ ತಿರುಗಿಸಿದೆ. ಮೆಟ್ಟಿಲು ನನ್ನದು, ನೆಲ ಅವರದು. ಸಂಜೆ ಗೊಂಬೆ ನೋಡಲು ಬಂದವರೆಲ್ಲ ಅದನ್ನು ನೋಡುತ್ತಾರೆ ಅಲ್ವಾ? ಹಾಗಾಗಿ ಮಕ್ಕಳು ಶುರು ಮಾಡಿದ್ದನ್ನು ಮುಗಿಸುತ್ತಾರೆ. ಮೂರರಿಂದ ಎಂಟು ವರ್ಷದ ಮಕ್ಕಳಿರುವ ಮನೆಗೆ ಇದು ಸರಿಹೋಗುತ್ತದೆ. ಗೊಂಬೆ ಕೂರಿಸುವ ಪದ್ಧತಿ ಇಲ್ಲದಿದ್ದರೂ ಪರವಾಗಿಲ್ಲ, ಟಿವಿ ಸ್ಟ್ಯಾಂಡಿನ ಕೆಳಗೆ ಮಾಡಿ.

ಯಾವ ಊರು? ನಾವು ಚಿಕ್ಕಬಳ್ಳಾಪುರದವರು, ಹಾಗಾಗಿ ಚಿಕ್ಕಬಳ್ಳಾಪುರವೇ. ಮಕ್ಕಳಿಗೆ ಕಂಡದ್ದನ್ನು ಮಾಡುವುದು ಸುಲಭ. ನಂದಿಬೆಟ್ಟ, ಹೂವಿನ ಮಾರುಕಟ್ಟೆ, ನಂದಿ ಹಾಲ್ಟಿನಲ್ಲಿ ನಿಲ್ಲುವ ರೈಲು, ಕುರಿಮಂದೆ. ಹೋದ ವರ್ಷ ತಮ್ಮನ ಮಗ ಆದಿಯೋಗಿಯೂ ಬೇಕೆಂದು ಹಟ ಹಿಡಿದ. ಅದು 112 ಅಡಿ ಎತ್ತರದ ಮೂರ್ತಿ, ನಮ್ಮ ಊರಿನಲ್ಲಿ ಅದು ಬೆಟ್ಟಕ್ಕಿಂತ ದೊಡ್ಡದಾಗಿ ಬಂತು. ಅಳತೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ರಾಗಿ

ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಹಸಿರು. ಮಹಾಲಯ ಅಮಾವಾಸ್ಯೆಗೆ ನಾಲ್ಕೈದು ದಿನ ಇರುವಾಗಲೇ ರಾಗಿ ಚೆಲ್ಲಬೇಕು. ಮಕ್ಕಳಿಗೆ ಆಗ ಪರೀಕ್ಷೆ ನಡೆಯುತ್ತಿದ್ದರೂ ಇದಕ್ಕೆ ಹತ್ತು ನಿಮಿಷ ಸಾಕು.

ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಸಿಡಿ. ಅಗಲವಾದ, ಎರಡು ಬೆರಳು ಆಳದ ಟ್ರೇ ಬೇಕು. ನಾವು ಸ್ವೀಟ್ ಬಾಕ್ಸಿನ ಪ್ಲಾಸ್ಟಿಕ್ ಮುಚ್ಚಳ ಬಳಸುತ್ತೇವೆ. ತಳಕ್ಕೆ ನಾಲ್ಕೈದು ತೂತು ಹಾಕಿ. ಕೆಂಪು ಮಣ್ಣು ಜರಡಿ ಹಿಡಿದು ತುಂಬಿ, ಮಣ್ಣು ಸಿಗದಿದ್ದರೆ ಕೋಕೋಪೀಟ್ ಆಗುತ್ತದೆ. ನೆಂದ ರಾಗಿಯನ್ನು ಮಕ್ಕಳೇ ಚೆಲ್ಲಲಿ. ಒತ್ತೊತ್ತಾಗಿ ಬಿದ್ದರೆ ಒಳ್ಳೆಯದೇ, ಹುಲ್ಲುಹಾಸಿನ ಹಾಗೆ ಕಾಣುತ್ತದೆ. ಮೇಲೆ ತೆಳುವಾಗಿ ಮಣ್ಣು ಉದುರಿಸಿ, ಒದ್ದೆ ಬಟ್ಟೆ ಮುಚ್ಚಿ.

ಎರಡು ದಿನ ಬಟ್ಟೆ ತೆಗೆಯಬಾರದು. ಇದು ಮಕ್ಕಳಿಗೆ ತುಂಬ ಕಷ್ಟದ ಕೆಲಸ. ನನ್ನ ಮಗಳು ಗಂಟೆಗೊಮ್ಮೆ ಮೂಲೆ ಎತ್ತಿ ನೋಡುತ್ತಿದ್ದಳು. ಬಿಳಿ ಮೊಳಕೆ ಕಂಡ ತಕ್ಷಣ ಬಟ್ಟೆ ತೆಗೆದು ಬೆಳಕಿರುವ ಕಿಟಕಿಯ ಹತ್ತಿರ ಇಡಿ. ನೀರು ಸುರಿಯಬೇಡಿ, ಬೀಜವೆಲ್ಲ ಒಂದು ಮೂಲೆಗೆ ಹೋಗಿ ಗುಡ್ಡೆಯಾಗುತ್ತದೆ. ಖಾಲಿ ಸ್ಪ್ರೇ ಬಾಟಲಿ ಕೊಟ್ಟುಬಿಡಿ, ಬೆಳಿಗ್ಗೆ ಸಂಜೆ ಅವರೇ ಚಿಮುಕಿಸುತ್ತಾರೆ. ಕತ್ತಲೆಯಲ್ಲಿಟ್ಟರೆ ಪೈರು ಹಳದಿಯಾಗಿ, ಉದ್ದವಾಗಿ, ಸೊರಗಿ ಬೆಳೆಯುತ್ತದೆ. ಬೇಕೆಂದೇ ಒಂದು ಚಿಕ್ಕ ಬಟ್ಟಲನ್ನು ಬೀರುವಿನಲ್ಲಿಟ್ಟು ತೋರಿಸಿ. ಬೆಳಕಿಲ್ಲದೆ ಹಸಿರಿಲ್ಲ ಅನ್ನುವುದು ಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಏಳೆಂಟು ದಿನಕ್ಕೆ ಒಳ್ಳೆ ಹುಲ್ಲುಹಾಸು ಸಿಗುತ್ತದೆ. ತಡವಾಯಿತು ಅಂದರೆ ಸಾಸಿವೆ ಹಾಕಿ, ಬೇಗ ಬರುತ್ತದೆ. ಹಬ್ಬದ ನಡುವೆ ರಾಗಿ ಎತ್ತರ ಬೆಳೆದು ಬಾಗಲು ಶುರುವಾದರೆ ಮೊಂಡ ಕತ್ತರಿ ಕೊಟ್ಟು 'ಕಟಿಂಗ್' ಮಾಡಲು ಹೇಳಿ. ನಮ್ಮ ಮನೆಯಲ್ಲಿ ಇದಕ್ಕೆ ಸರದಿ ಇದೆ, ಜಗಳವೂ ಇದೆ.

ಏನು ಕೂಡಿಡಬೇಕು, ಏನು ಕೊಳ್ಳಬೇಕು

ರಜೆಗೆ ಎರಡು ವಾರ ಮುಂಚೆಯೇ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಎಲ್ಲವನ್ನೂ ಅದಕ್ಕೆ ಹಾಕುತ್ತಾ ಬನ್ನಿ. ಖಾಲಿ ಬೆಂಕಿಪೊಟ್ಟಣ, ಟೂತ್‌ಪೇಸ್ಟ್ ಡಬ್ಬ, ಬಾಟಲಿ ಮುಚ್ಚಳ, ಹಳೇ ನ್ಯೂಸ್‌ಪೇಪರ್, ಮದುವೆ ಕಾರ್ಡು, ತೆಂಗಿನ ಪೊರಕೆಯ ಕಡ್ಡಿ, ದರ್ಜಿ ಅಂಗಡಿಯ ಚೂರು ಬಟ್ಟೆ, ಒಂದು ಹಳೇ ಗೋಣಿಚೀಲ. ಮದುವೆ ಕಾರ್ಡನ್ನು ಬಿಡಲೇಬೇಡಿ. ಅದರ ಗಟ್ಟಿ ಹೊಳಪು ಕಾಗದ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ, ದೇವಸ್ಥಾನದ ಗೋಪುರಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಕೊಳ್ಳುವುದು ಕಡಿಮೆ. ಬಜಾರ್ ರಸ್ತೆಯ ಕಡೆ ಒಂದು ಸುತ್ತು ಹಾಕಿದರೆ ಸ್ಟೇಷನರಿ ಅಂಗಡಿಯಲ್ಲಿ ನಾಲ್ಕು ಚಾರ್ಟ್ ಪೇಪರ್, ಒಂದು ಫೆವಿಕಾಲ್ ಡಬ್ಬಿ, ಪೇಪರ್ ಟೇಪು, ಪೋಸ್ಟರ್ ಕಲರ್, ಎರಡು ಬ್ರಷ್, ಮೊಂಡ ತುದಿಯ ಕತ್ತರಿ. ಗ್ರಂಧಿಗೆ ಅಂಗಡಿಯಲ್ಲಿ ರಂಗೋಲಿ ಪುಡಿ ಮತ್ತು ಹತ್ತಿ. ಪೋಸ್ಟರ್ ಕಲರಿನಲ್ಲಿ ಹನ್ನೆರಡು ಬಣ್ಣದ ಪೆಟ್ಟಿಗೆ ಬೇಡ. ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು ಐದೇ ತನ್ನಿ. ಹಸಿರು ಎಲ್ಲಿ ಅಂತ ಕೇಳಿದಾಗ ಹಳದಿಗೆ ನೀಲಿ ಹಾಕಿ ತೋರಿಸಿ, ಮಧ್ಯಾಹ್ನವೆಲ್ಲ ಅದರಲ್ಲೇ ಕಳೆಯುತ್ತದೆ. ಥರ್ಮಾಕೋಲ್ ನಾನು ತರುವುದಿಲ್ಲ. ಕತ್ತರಿಸಿದರೆ ಮನೆ ತುಂಬ ಮಣಿ ಹಾರುತ್ತದೆ, ಗುಡಿಸಿದಷ್ಟೂ ಪೊರಕೆಗೇ ಅಂಟಿಕೊಳ್ಳುತ್ತದೆ.

ಅಂಟು ಮನೆಯಲ್ಲೇ ಮಾಡಿಕೊಳ್ಳಿ, ಬೆಟ್ಟಕ್ಕೆ ತುಂಬ ಬೇಕಾಗುತ್ತದೆ. ಎರಡು ಚಮಚ ಮೈದಾಕ್ಕೆ ಒಂದು ಲೋಟ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳಿ ಹೋಗಿ ಗಂಜಿಯ ಹಾಗೆ ತಿಳಿಯಾದಾಗ ಇಳಿಸಿ. ಹಿಂದೆ ಹುಳ ಹಿಡಿಯಬಾರದೆಂದು ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಬೆರಳು ಬಾಯಿಗೆ ಹಾಕುವ ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಸ್ವಲ್ಪವೇ ಮಾಡಿ, ಎರಡು ದಿನ ಫ್ರಿಜ್ಜಿನಲ್ಲಿಡಿ, ಹುಳಿವಾಸನೆ ಬಂದರೆ ಚೆಲ್ಲಿ.

ಬೆಟ್ಟ

ಇದಕ್ಕೆ ಮೂರು ದಿನ ಬೇಕು, ಯಾಕೆಂದರೆ ಒಣಗಲು ಬಿಡಬೇಕು.

ಮೊದಲ ದಿನ, ಒಂದು ಅಗಲದ ರಟ್ಟಿನ ಮೇಲೆ ಒಂದೆರಡು ಖಾಲಿ ಡಬ್ಬ ಬೋರಲು ಹಾಕಿ ಟೇಪಿನಿಂದ ಅಂಟಿಸಿ. ನ್ಯೂಸ್‌ಪೇಪರನ್ನು ಮುದ್ದೆ ಮಾಡಿ ಸುತ್ತಲೂ ಒತ್ತಿ, ಮೇಲಿಂದ ಪೇಪರ್ ಟೇಪು ಸುತ್ತಿ. ಪೇಪರ್ ಮುದ್ದೆ ಮಾಡುವುದಕ್ಕೆ ಮೂರು ವರ್ಷದವರೇ ಸರಿ, ದೊಡ್ಡ ಮಕ್ಕಳಿಗೆ ಅಷ್ಟು ಉತ್ಸಾಹ ಇರುವುದಿಲ್ಲ. ನಂದಿಬೆಟ್ಟದ ಒಂದು ಕಡೆ ಕಡಿದಾದ ಬಂಡೆ, ಅದೇ ಟಿಪ್ಪು ಡ್ರಾಪ್. ಆ ಕಡೆಗೆ ಡಬ್ಬದ ನೆಟ್ಟಗಿನ ಮುಖ ಬರುವ ಹಾಗೆ ನೋಡಿಕೊಳ್ಳಿ. ಇನ್ನೊಂದು ಕಡೆ ಇಳಿಜಾರು, ಅಲ್ಲಿ ರಸ್ತೆ ಬರಬೇಕು.

ಎರಡನೇ ದಿನ, ನ್ಯೂಸ್‌ಪೇಪರನ್ನು ಎರಡು ಬೆರಳು ಅಗಲದ ಪಟ್ಟಿಯಾಗಿ ಹರಿಯಿರಿ. ಕತ್ತರಿಸಬೇಡಿ, ಹರಿದ ಅಂಚು ಚೆನ್ನಾಗಿ ಕೂರುತ್ತದೆ. ಪಟ್ಟಿಯನ್ನು ಅಂಟಿನಲ್ಲಿ ಅದ್ದಿ, ಎರಡು ಬೆರಳ ನಡುವೆ ಎಳೆದು ಹೆಚ್ಚಿನ ಅಂಟು ಇಳಿಸಿ, ಬೆಟ್ಟದ ಮೇಲೆ ಅಡ್ಡಡ್ಡ ಅಂಟಿಸಿ. ಒಂದು ಸುತ್ತು ಆದ ಮೇಲೆ ಉದ್ದುದ್ದ ಇನ್ನೊಂದು ಸುತ್ತು. ಎರಡು ಪದರ ಸಾಕು. ಆಸೆಪಟ್ಟು ನಾಲ್ಕು ಪದರ ಹಾಕಿದರೆ ಒಳಗೆ ಒಣಗದೆ ಬೂಷ್ಟು ಬರುತ್ತದೆ. ಅಕ್ಟೋಬರಿನಲ್ಲಿ ನಮ್ಮಲ್ಲಿ ಮಳೆ ಇರುತ್ತದಲ್ಲ, ರಾತ್ರಿಯಿಡೀ ಫ್ಯಾನಿನ ಕೆಳಗೆ ಇಡಿ.

ಮೂರನೇ ದಿನ ಬಣ್ಣ. ಬಿಳಿ ಕಪ್ಪು ಬೆರೆಸಿ ಬಂಡೆಯ ಬಣ್ಣ ಮಾಡಿ ಬಳಿಯಿರಿ. ಅದು ಆರುವ ಮುಂಚೆ, ಒಣಗಿಸಿಟ್ಟ ಹಳೇ ಟೀಪುಡಿಯನ್ನು ಉದುರಿಸಿದರೆ ನಿಜವಾದ ಕಲ್ಲಿನ ಒರಟು ಬರುತ್ತದೆ. ರಸ್ತೆ ಬೇಕಾದ ಕಡೆ ಫೆವಿಕಾಲಿನಲ್ಲಿ ಹಾವಿನ ಹಾಗೆ ಗೆರೆ ಎಳೆದು ರಂಗೋಲಿ ಪುಡಿ ಉದುರಿಸಿ, ಆರಿದ ಮೇಲೆ ಒದರಿ. ತುದಿಯಲ್ಲಿ ಒಂದು ಚಿಟಿಕೆ ಹತ್ತಿ, ಅದೇ ಬೆಳಗಿನ ಮಂಜು. ಸಮಯ ಇಲ್ಲದವರು ಗೋಣಿಚೀಲವನ್ನು ತೆಳು ಅಂಟಿನಲ್ಲಿ ಅದ್ದಿ ಡಬ್ಬಗಳ ಮೇಲೆ ಹೊದಿಸಿ ಒಣಗಿಸಿದರೂ ಒಂದೇ ದಿನದಲ್ಲಿ ಬೆಟ್ಟ ರೆಡಿ.

ಬಣ್ಣ ಹಾಕುವಾಗ ಮಗಳು ಕೇಳಿದಳು, "ಅಮ್ಮಾ, ಬೆಟ್ಟಕ್ಕೆ ಕಿವಿ ಬೇಡ್ವಾ?" ಬೆಟ್ಟ ಮಲಗಿದ ಬಸವನ ಹಾಗೆ ಕಾಣುತ್ತದೆ ಅಂತ ಅವರಜ್ಜಿ ಹೇಳಿದ್ದರಂತೆ. ಬೇಡ ಅನ್ನಲು ಬಾಯಿವರೆಗೆ ಬಂತು, ನುಂಗಿಕೊಂಡೆ. ಈಗ ನಮ್ಮ ನಂದಿಬೆಟ್ಟಕ್ಕೆ ಎರಡು ಕಿವಿ, ಎರಡು ಕೊಂಬು. ಬಂದವರೆಲ್ಲ ಮೊದಲು ಕೇಳುವುದು ಅದನ್ನೇ, ಅವಳು ಪ್ರತಿ ಸಲ ಮೊದಲಿನಿಂದ ಕಥೆ ಹೇಳುತ್ತಾಳೆ. ದೊಡ್ಡವರಿಗೆ ಈ ಕೆಲಸದಲ್ಲಿ ಇರುವ ಒಂದೇ ಕಷ್ಟ ಇದು. ಕೈ ಕಟ್ಟಿ ಕೂರಬೇಕು. ಮಗು ಮಲಗಿದ ಮೇಲೆ ಸೊಟ್ಟಗಿದ್ದ ಮನೆಯನ್ನು ನೆಟ್ಟಗೆ ಮಾಡಿದರೆ ಬೆಳಿಗ್ಗೆ ಗೊತ್ತಾಗಿಯೇ ಆಗುತ್ತದೆ. ನಾನು ಮಾಡಿ ಸಿಕ್ಕಿಬಿದ್ದಿದ್ದೇನೆ.

ಗೂಡಿನ ಕುರಿ, ಗೂಡಿನ ಹೂ

ನಮ್ಮ ಜಿಲ್ಲೆಯಲ್ಲಿದ್ದು ರೇಷ್ಮೆ ಗೂಡು ಬಳಸದಿದ್ದರೆ ಹೇಗೆ? ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆಯೇ ಇದೆ, ಹುಳ ಸಾಕುವ ನೆಂಟರು ಯಾರಿಗಾದರೂ ಇದ್ದೇ ಇರುತ್ತಾರೆ. ಆದರೆ ಕೇಳುವಾಗ ಸರಿಯಾಗಿ ಕೇಳಿ. ಬೇಕಾದದ್ದು ತೂತು ಗೂಡು, ಅಂದರೆ ಚಿಟ್ಟೆ ಹೊರಗೆ ಬಂದ ಮೇಲೆ ಉಳಿದ ಖಾಲಿ ಗೂಡು. ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಗಾಗಿ ಚಿಟ್ಟೆ ಬರಲು ಬಿಡುತ್ತಾರೆ, ಅಲ್ಲಿ ಉಳಿಯುವುದು ಇದೇ. ಎಳೆ ತುಂಡಾಗಿರುವುದರಿಂದ ನೂಲು ತೆಗೆಯಲು ಬರುವುದಿಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮೊದಲ ವರ್ಷ ನನಗೆ ಗೊತ್ತಿರಲಿಲ್ಲ. ಚಿಕ್ಕಪ್ಪನ ಮನೆಯ ಚಂದ್ರಿಕೆಯಿಂದ, ಅಂದರೆ ಹುಳ ಗೂಡು ಕಟ್ಟಲು ಬಿಡುವ ತಟ್ಟಿಯಿಂದ, ಒಂದು ಬುಟ್ಟಿ ಹಸಿ ಗೂಡನ್ನೇ ಬಿಡಿಸಿಕೊಂಡು ಬಂದೆ. ಬೆಳ್ಳಗೆ, ಗಟ್ಟಿಯಾಗಿ, ಎಷ್ಟು ಚಂದ! ಮೂವತ್ತು ಕುರಿ ಮಾಡಿ ಸಾಲಾಗಿ ನಿಲ್ಲಿಸಿದೆವು. ಹುಳ ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆಯಾಗಿ ಬರುತ್ತದೆ, ಲೆಕ್ಕ ಹಾಕುವ ಬುದ್ಧಿ ನನಗಿರಲಿಲ್ಲ. ಗೊಂಬೆ ಕೂರಿಸಿದ ನಾಲ್ಕನೇ ದಿನ ಬೆಳಿಗ್ಗೆ ದೀಪ ಹಚ್ಚಲು ಹೋದರೆ ಕುರಿಗಳ ಹೊಟ್ಟೆ ಒಡೆದು ಚಿಟ್ಟೆಗಳು. ಈ ಚಿಟ್ಟೆ ಹಾರುವುದಿಲ್ಲ, ರೆಕ್ಕೆ ಬಡಿಯುತ್ತಾ ತೆವಳುತ್ತದೆ. ಒಂದು ಚಿಟ್ಟೆ 300ರಿಂದ 500 ಮೊಟ್ಟೆ ಇಡುತ್ತದೆ. ಪಟ್ಟದ ರಾಣಿ ಗೊಂಬೆಯ ಸೀರೆ ನೆರಿಗೆ ತುಂಬ ಹಳದಿ ಚುಕ್ಕಿ. ಪಕ್ಕದ ಮನೆಯ ಅಜ್ಜಿ ಬಂದು ನೋಡಿ, "ಏನಮ್ಮಾ, ನಿಮ್ಮ ಕುರಿ ಮರಿ ಹಾಕಿದವಲ್ಲಾ" ಎಂದು ನಕ್ಕರು. ಮಕ್ಕಳಿಗೆ ಮಾತ್ರ ಅಂಥ ದಸರಾ ಮತ್ತೆ ಬಂದಿಲ್ಲ.

ತೂತು ಗೂಡು ತಂದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಒಳಗಿರುವ ಒಣ ಸಿಪ್ಪೆಯನ್ನು ಅಲುಗಾಡಿಸಿ ಉದುರಿಸಿ. ಕುದಿಯುವ ನೀರು ಬೇಡ. ಗೂಡನ್ನು ಗಟ್ಟಿಯಾಗಿ ಹಿಡಿದಿರುವ ಅಂಟು ಸಡಿಲವಾಗಿ ಮೆತ್ತಗಾಗುತ್ತದೆ. ಬಟ್ಟೆಯ ಮೇಲೆ ಹರಡಿ ಒಣಗಿಸಿ.

ಬಿಳಿಯವು ದ್ವಿತಳಿ ಅನ್ನುವ ಜಾತಿಯ ಹುಳದ ಗೂಡು, ಹಳದಿ ಛಾಯೆಯವು ಮಿಶ್ರತಳಿಯವು. ಬಿಳಿಯದ್ದು ಕುರಿ, ಹಳದಿಯದ್ದು ಕೋಳಿಮರಿ, ಬಣ್ಣ ಹಾಕುವ ತಾಪತ್ರಯವೇ ಇಲ್ಲ. ಕುರಿಗೆ ಪೊರಕೆ ಕಡ್ಡಿಯ ನಾಲ್ಕು ತುಂಡು ಕಾಲು, ಕಪ್ಪು ಚಾರ್ಟಿನ ಮುಖ, ತೂತು ಇರುವ ಕಡೆಯೇ ಮುಖ ಅಂಟಿಸಿದರೆ ತೂತೂ ಮುಚ್ಚುತ್ತದೆ. ಕಾಲಿಗೆ ತೂತು ಮಾಡುವುದು ದೊಡ್ಡವರ ಕೆಲಸ, ದಬ್ಬಳ ಬೇಕು. ಗೂಡು ನೋಡಲು ಮೆತ್ತಗಿದ್ದರೂ ಸಿಕ್ಕಾಪಟ್ಟೆ ಗಟ್ಟಿ.

ಹೂವಿಗೆ ಗೂಡನ್ನು ಅಡ್ಡಕ್ಕೆ ಅರ್ಧ ಕತ್ತರಿಸಿ, ಬಟ್ಟಲಿನ ಅಂಚಿನಿಂದ ಬುಡದವರೆಗೆ ಐದು ಸೀಳು ಹಾಕಿ. ಮಗು ಒಂದೊಂದೇ ದಳವನ್ನು ಬೆರಳಿನಿಂದ ಹೊರಗೆ ಬಗ್ಗಿಸಲಿ. ಬಣ್ಣಕ್ಕೆ ಅಡುಗೆಯ ಫುಡ್ ಕಲರ್ ಸಾಕು, ಬೆಚ್ಚಗಿನ ನೀರಿಗೆ ನಾಲ್ಕು ಹನಿ ವಿನೆಗರ್ ಅಥವಾ ನಿಂಬೆರಸ ಹಾಕಿ. ರೇಷ್ಮೆ ಹುಳಿಯಿದ್ದರೆ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ಅರಿಶಿನದ ನೀರಿನಲ್ಲಿ ಸೇವಂತಿಗೆ ಬಣ್ಣ ಬರುತ್ತದೆ. ಬಸಳೆ ಹಣ್ಣು ಹಿಚುಕಿದರೆ ನೇರಳೆ. ಮೆಟ್ಟಿಲಿನ ಅಂಚಿಗೆ ಈ ಹೂಗಳ ತೋರಣ ಕಟ್ಟಿದರೆ ಮಲ್ಲಿಗೆ ಮಾಲೆ ಬಾಡಿದ ದಿನವೂ ಮನೆ ಕಳೆಗಟ್ಟಿರುತ್ತದೆ.

ಉಳಿದದ್ದು ಬೇಗ ಬೇಗ

ರೈಲಿಗೆ ಆರು ಬೆಂಕಿಪೊಟ್ಟಣ, ದಾರ, ಬಾಟಲಿ ಮುಚ್ಚಳದ ಗಾಲಿ. ನೀಲಿ ಬಣ್ಣ. ಮದುವೆ ಕಾರ್ಡಿನ ಹಿಂದೆ 'ನಂದಿ ಹಾಲ್ಟ್' ಅಂತ ಬೋರ್ಡು ಬರೆಯಲಿ, ಹೊಸದಾಗಿ ಒತ್ತಕ್ಷರ ಕಲಿತ ಮಗು ಇದ್ದರೆ ಅದಕ್ಕೇ ಬಿಡಿ. ಮನೆಗಳು ಟೂತ್‌ಪೇಸ್ಟ್ ಡಬ್ಬದವು. ಹೂವಿನ ಮಾರುಕಟ್ಟೆಗೆ ಏನೂ ಮಾಡಬೇಕಿಲ್ಲ, ಬಾಟಲಿ ಮುಚ್ಚಳಗಳಲ್ಲಿ ಪೂಜೆಯ ನಂತರ ಉಳಿದ ಎಸಳುಗಳನ್ನು ರಾಶಿ ಹಾಕಿದರೆ ಆಯಿತು. ದಿನಾ ಹೊಸ ಸರಕು.

ಶೆಟ್ಟಿ ಶೆಟ್ಟಮ್ಮನ ಗೊಂಬೆ ಇದ್ದರೆ ಅವರ ಅಂಗಡಿಗೆ ತರಕಾರಿ ಬೇಕು. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಮುಕ್ಕಾಲು ಲೋಟ ನೀರು. ನೀರು ಒಮ್ಮೆಗೇ ಹಾಕದೆ ನೋಡಿಕೊಂಡು ಹಾಕಿ, ಚಪಾತಿ ಹಿಟ್ಟಿಗಿಂತ ಗಟ್ಟಿ ಇರಲಿ. ಟೊಮೇಟೊ, ಬದನೆ, ದ್ರಾಕ್ಷಿ ಗೊಂಚಲು ಮಾಡಿ ನೆರಳಲ್ಲಿ ಎರಡು ಮೂರು ದಿನ ಒಣಗಿಸಿ ಬಣ್ಣ ಹಾಕಿ. ದಪ್ಪಕ್ಕೆ ಮಾಡಿದರೆ ಬಿರುಕು ಬಿಡುತ್ತದೆ. ಅರಿಶಿನ ಕಲಸಿದ ಹಿಟ್ಟಿನ ಒಂದು ಉಂಡೆಗೆ ಚಿಟಿಕೆ ಅಡುಗೆ ಸೋಡಾ ಹಾಕಿ ನಾದಲು ಹೇಳಿ, ಹಳದಿ ಹೋಗಿ ಇಟ್ಟಿಗೆ ಕೆಂಪಾಗುತ್ತದೆ. ಸುಣ್ಣ ಹಾಕಿದರೂ ಹೀಗೇ ಆಗುತ್ತದೆ, ಆರತಿಯ ಓಕುಳಿ ನೀರು ಅದೇ ಅಲ್ವಾ. ಆದರೆ ಸುಣ್ಣ ಮಕ್ಕಳ ಕೈಗೆ, ಕಣ್ಣಿಗೆ ಆಗದು.

ಎಚ್ಚರ ಎಲ್ಲಿ ಬೇಕು

ಮೂರು ವರ್ಷದ ಕೆಳಗಿನ ಮಗು ಮನೆಯಲ್ಲಿದ್ದರೆ ಮಣಿ, ಗುಂಡಿ, ಚಮಕಿ ತರಲೇಬೇಡಿ. ಊರಿನ ಮನೆಗಳೊಳಗೆ ಮಿಣಮಿಣ ಲೈಟು ಇಡುವ ಆಸೆ ಬರುತ್ತದೆ. ಆ ಚಿಕ್ಕ ಲೈಟುಗಳಲ್ಲಿ ಗುಂಡಿಯಂಥ ಬ್ಯಾಟರಿ ಇರುತ್ತದೆ, ನುಂಗಿದರೆ ಗಂಟಲು ಸುಟ್ಟುಹೋಗುತ್ತದೆ. ಸ್ಕ್ರೂ ಹಾಕಿ ಮುಚ್ಚುವ ಡಬ್ಬಿ ಇರುವ ಲೈಟನ್ನೇ ತನ್ನಿ. ಮಗು ನುಂಗಿದೆ ಅಂತ ಅನುಮಾನ ಬಂದರೂ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ಫೆವಿಕ್ವಿಕ್, ಬಿಸಿ ಅಂಟಿನ ಗನ್ ಎರಡೂ ದೊಡ್ಡವರ ಕೈಯಲ್ಲೇ ಇರಲಿ. ಇನ್ನೊಂದು, ಬೆಟ್ಟ ಕಾಗದದ್ದು, ಮಂಜು ಹತ್ತಿಯದು. ದೀಪವನ್ನು ಊರಿನಿಂದ ದೂರ, ಎತ್ತರದಲ್ಲಿ ಇಡಿ.

ಜೋಡಿಸುವುದು, ಬಿಚ್ಚುವುದು

ಪಾಡ್ಯದ ದಿನ ಎಲ್ಲವನ್ನೂ ಒಟ್ಟಿಗೆ ಇಡಬೇಡಿ. ಮೊದಲ ದಿನ ಬೆಟ್ಟ ಮತ್ತು ರಾಗಿ ಮಾತ್ರ. ಆಮೇಲೆ ದಿನಕ್ಕೊಂದು ಸೇರಲಿ. ಒಂದು ದಿನ ರೈಲು, ಒಂದು ದಿನ ಕುರಿಮಂದೆ. ನೆನ್ನೆ ಬಂದ ಮಕ್ಕಳು ಇವತ್ತೂ "ಗೊಂಬೆ ಕೂರಿಸಿದ್ದೀರಾ?" ಅಂತ ಬಾಗಿಲಿಗೆ ಬರುತ್ತಾರೆ. ಪಕ್ಕದ ಅಜ್ಜಿ ಇದನ್ನು ತೆಲುಗಿನಲ್ಲಿ ಬೊಮ್ಮಲ ಕೊಲುವು ಅನ್ನುತ್ತಾರೆ, ಇವತ್ತು ಏನು ಹೊಸದು ಅಂತ ಚರುಪು (ಗೊಂಬೆ ನೋಡಲು ಬಂದವರಿಗೆ ಕೊಡುವ ತಿಂಡಿ) ತಿನ್ನುತ್ತಾ ಹುಡುಕುತ್ತಾರೆ. ಬಂದ ಮಕ್ಕಳಿಗೂ ಒಂದು ಖಾಲಿ ಬೆಂಕಿಪೊಟ್ಟಣ ಕೊಟ್ಟು ಮನೆ ಮಾಡಿಸಿ. ಊರು ಬೆಳೆಯುತ್ತಾ ಹೋಗಲಿ.

ವಿಜಯದಶಮಿ ರಾತ್ರಿ ಪಟ್ಟದ ಗೊಂಬೆ ಮಲಗಿಸಿದ ಮೇಲೆ ಮಾರನೇ ದಿನ ಎತ್ತಿಡಬೇಕು. ರಾಗಿ ಪೈರು ಬೀದಿಯ ಹಸುವಿಗೆ. ಉಪ್ಪುಹಿಟ್ಟಿನ ತರಕಾರಿ ತೇವಕ್ಕೆ ಮೆತ್ತಗಾಗಿ ಇರುವೆ ಹಿಡಿಯುತ್ತದೆ, ಎಸೆಯಿರಿ. ಗೂಡಿನ ಕುರಿಗಳನ್ನು ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಣ ಬೇವಿನೆಲೆ ಹಾಕಿಡಿ, ಇಲ್ಲವಾದರೆ ಹುಳ ತಿನ್ನುತ್ತದೆ. ಬೆಟ್ಟವನ್ನು ಅಟ್ಟಕ್ಕೆ ಹಾಕುವುದು ಅಂತ ಮಾತಾಗಿತ್ತು. ಅದರ ಕೊಂಬು ಅಟ್ಟದ ಬಾಗಿಲಿಗೆ ತಗುಲುತ್ತದೆ, ಒಳಗೆ ಹೋಗುವುದಿಲ್ಲ. ಕತ್ತರಿಸೋಣ ಅಂದರೆ ಮಗಳು ಒಪ್ಪಲಿಲ್ಲ. ಹಾಗಾಗಿ ಈ ವರ್ಷವೂ ನಂದಿಬೆಟ್ಟ ನಮ್ಮ ಬಟ್ಟೆ ಬೀರುವಿನ ಮೇಲೇ ಕೂತಿದೆ.